ಅರ್ಧ ಎಂಬಿ

ಲಾಂದ್ರ ಇಡತಿದ್ದ ಮಾಡದಾಗ ಈಗ ರೌಟರ್ ಕುಂತದ.
ಮೇ ತಿಂಗಳ ಕಲಬುರಗಿ. ರಾತ್ರಿ ಹನ್ನೊಂದಾದರೂ
ಮುಟ್ಟಿದರ ರೊಟ್ಟಿ ಹಂಚು ಇನ್ನೂ ಆರಿಲ್ಲ ಅನ್ನೂ ಹಂಗ.
ನಾಳಿಗಿ ಮಂದಿ ಪ್ರೀಮಿಯಂ ಕಟ್ಟಲಾಕ ಕಡೀ ದಿನ;
ಪಾಲಿಸಿ ಪುಟ ತಿರುಗತದ, ತಿರುಗತದ,
ಎಣ್ಣಿ ಕಾಣದ ಗಾಣದಂಗ.

ಕೇಬಲ್ ಇಸಾಕ್ ಫೋನಿನ್ಯಾಗ ಹೇಳಿದ:
"ಬಾಯೀ, ಡಬ್ಬಿ ಬುಡಕ ಚೀಟಿ ಅದ ನೋಡ್ರಿ,
ನೂರಾ ತೊಂಬತ್ತೆರಡು, ಚುಕ್ಕಿ, ನೂರಾ ಅರವತ್ತೆಂಟು,
ಅದನ್ನ ಬಡೀರಿ. ಅಡ್ವಾನ್ಸ್ಡ್ ಅಂತ ಬರತದ.
ಅಲ್ಲಿ ಮಾತ್ರ ಕೈ ಹಚ್ಚಬ್ಯಾಡ್ರಿ."
ಹಚ್ಚಬ್ಯಾಡ ಅಂದಲ್ಲೇ ಕೈ ಹಚ್ಚಿ
ನಲವತ್ತಾರು ವರ್ಷ ಬಾಳ್ವೆ ಮಾಡೀನಿ.

ಹೆಸರು: ಅಡ್ಮಿನ್. ಪಾಸ್‌ವರ್ಡ್: ಅಡ್ಮಿನ್.
ಕೀಲಿಯಾಗೇ ಕೀಲಿಕೈ ಬಿಟ್ಟು
ಊರಿಗಿ ಹೋದವರ ಮನಿ.

ಮೊದಲು ಚಾನೆಲ್. ಆರನೇದರಾಗ ಓಣಿಗಿ ಓಣಿನೇ ತುಂಬ್ಯಾದ,
ಹಬ್ಬದ ಹಿಂದಿನ ದಿನದ ಸೂಪರ್ ಮಾರ್ಕೆಟ್,
ಒಬ್ಬರ ಮಾತು ಒಬ್ಬರ ಕಿವಿಗಿ ಬೀಳಲ್ಲ.
ಹನ್ನೊಂದನೇದು ಮಟಮಟ ಮಧ್ಯಾಹ್ನ,
ಒಂದು ನಾಯಿ ಸುದ್ದಾ ಇಲ್ಲ. ಅಲ್ಲಿಗಿ ಸರದೆ.
ಡಿಎನ್‌ಎಸ್ ಬದಲಿಸಿದೆ. ಪೂರ್ತಿ ತಿಳಿದಿಲ್ಲ;
ಹೆಸರು ಕೇಳಿ ಮನಿ ತೋರಸೂ ಟಪಾಲಿನವನ್ನ
ಬದಲಿ ಮಾಡಿದಂಗ ಅಂತ ಮಗಳು ಅಂದಿದ್ದಳು.

ಆಮ್ಯಾಲೆ, ಕೂಡಿಕೊಂಡವರ ಯಾದಿ.
ನನ್ನ ಲ್ಯಾಪ್‌ಟಾಪ್. ಇವರ ಫೋನು. ಟಿವಿ.
ಮಗಳ ಟ್ಯಾಬ್, ಗಾಜು ಒಡದದ್ದು, ಇನ್ನೂ ಉಸಿರು ಹಿಡದದ.
ಐದನೇದು:
ಜಗು-ವಿವೋ.

ಜಗದೇವಿ. ನನ್ನ ನೆಗೆಣ್ಣಿ.
ಅತ್ತಿಯ ಬೋರಮಾಳ ಯಾರಿಗಂತ ಮಾತು ಬೆಳೆದು
ಅಂಗಳದ ನಡುವ ಶಹಾಬಾದಿ ಫರಸಿ ನಿಲ್ಲಿಸಿ
ಎಂಟು ತಿಂಗಳು.
ನಳ ಎರಡು, ಮೀಟರ್ ಎರಡು, ತುಳಸಿ ಸುದ್ದಾ ಎರಡು.
ಪಾಲು ಮಾಡಲಾಕ ಬಂದ ಹಿರ್ಯಾರು
ತಾಟು ಬಟ್ಟಲ ಎಣಿಸಿದರು,
ಗಾಳಿಯಾಗ ಇದ್ದದ್ದು ಎಣಿಸಲಿಲ್ಲ.
ವೈಫೈ ಪಾಸ್‌ವರ್ಡ್ ನಾವಿಬ್ಬರೂ ಕೂಡಿ ಇಟ್ಟದ್ದು:
ಹಾಲು ಕೊಡದೇ ಒದೀತಿದ್ದ ಎಮ್ಮಿ ಹೆಸರು,
ಮುಂದ ಒಂದು ಎರಡು ಮೂರು.

ಹೆಸರಿನ ಬಾಜೂಕ ಕೆಂಪು ಗುಂಡಿ. ಬ್ಲಾಕ್.
ಬಟ್ಟು ಅದರ ಮ್ಯಾಲೇ ಇತ್ತು.
ಫರಸಿ ಆಚಿ ಆಕಿ ಸೀರಿಯಲ್ಲು ಕೇಳಸಲಾಕತ್ತಿತ್ತು,
ಯಾರೋ ಅಳತಿದ್ದರು, ಅತ್ತಿಯೋ ಸೊಸಿಯೋ.
ಆಕಿ ನಕ್ಕಳು.
ಆ ನಗಿ ಗುರ್ತದ ನನಗ. ಮೂಗಿನಿಂದ ಬರತದ.

ಬ್ಲಾಕ್ ಮಾಡಲಿಲ್ಲ. ದೊಡ್ಡಸ್ತನ ಅಂತ ತಿಳೀಬ್ಯಾಡ್ರಿ.
ಅದರ ಕೆಳಗ ಇನ್ನೊಂದು ಸಾಲಿತ್ತು: ವೇಗದ ಮಿತಿ.
ಅರ್ಧ ಅಂತ ಬರದೆ. ಅರ್ಧ ಎಂಬಿ.
ಗುಡ್ ಮಾರ್ನಿಂಗ್ ಗುಲಾಬಿ ಚಿತ್ರಕ್ಕ ಸಾಕು,
ಸೀರಿಯಲ್ಲಿಗಿ ಸಾಲದು.
ಸೇವ್. ರೌಟರ್ ಕಣ್ಣು ಮುಚ್ಚಿ ತೆರೀತು.
ಹನ್ನೆರಡು ಪ್ರೀಮಿಯಂ ಒಂದೇ ದಮ್ಮಿಗಿ ಹೋದವು.
ನಿದ್ದಿ ಮಾತ್ರ ಬರಲಿಲ್ಲ. ಶೆಕಿಗಿ ಇರಬೇಕು.

ಮರುದಿನ ಸಂಜಿ, ಹಿಟ್ಟು ನಾದೂ ಹೊತ್ತಿಗಿ,
ಫರಸಿ ಮ್ಯಾಲಿಂದ, ಯಾರ ಹೆಸರೂ ಹಚ್ಚದೆ:
"ಈ ನೆಟ್ಟಿಗಿ ಏನ್ ಬ್ಯಾನಿ ಬಂದದೋ ಏನೋ!"
ನಾ ಹಿಟ್ಟಿಗಿ ಹೇಳಿದೆ, ಜೋರಾಗಿ:
"ಫೋನು ಬಂದ್ ಮಾಡಿ ಚಾಲೂ ಮಾಡಿ ನೋಡಬೇಕು."
ಸುಮ್ಮಾದಳು. ಮಾಡಿರಬೇಕು.
"ಆಗವಲ್ದು."
ನಾ ಇನ್ನೊಂದು ಉಂಡಿ ಹಿಡಿದೆ.
"ಯಕ್ಕಾ, ಆಗವಲ್ದು."

ಕೈ ತೊಳಕೊಂಡೆ. ಉಗುರ ಸಂದ್ಯಾಗಿನ ಜ್ವಾಳದ ಹಿಟ್ಟು ಹೋಗಲಿಲ್ಲ,
ಅದೇ ಬಟ್ಟಿನಿಂದ ಬಡದೆ.
ಎರಡು ಎಂಬಿ ಮಾಡೀನಿ.
ಹತ್ತು ಮಾಡಿಲ್ಲ.
ಬೋರಮಾಳ ಇನ್ನೂ ಆಕಿ ಕೊಳ್ಳಾಗೇ ಅದ.